ಹಿತ್ತಿಲ ತೋಟದ ರೋಸಮ್ಮ

ಹಿತ್ತಿಲ ಹೂಗಿಡಗಳಿಗೆ ನೀರೆರೆಯುವಾಗ ಲೀಮಾದ ಸಂತ ರೋಸಮ್ಮನನ್ನು ನೆನೆಯಿರಿ. 1586ರಲ್ಲಿ ಪೆರು ದೇಶದ ಲೀಮಾದಲ್ಲಿ ಹುಟ್ಟಿದ ಆಕೆಯ ಜ್ಞಾನಸ್ನಾನದ ಹೆಸರು ಇಸಾಬೆಲ್; ಜನರ ಬಾಯಲ್ಲಿ ಉಳಿದದ್ದು ರೋಸ್. ಮನೆಗೆ ಬಡತನ ಬಂದಾಗ ಆಕೆ ಹಿತ್ತಿಲ ತೋಟವನ್ನೇ ನೆಚ್ಚಿಕೊಂಡಳು. ಹಗಲು ಮಣ್ಣಲ್ಲಿ ದುಡಿದು ಹೂ ಬೆಳೆದಳು. ರಾತ್ರಿ ಕಣ್ಣು ಬಾಡುವ ತನಕ ಕಸೂತಿ ಹಾಕಿದಳು. ಎರಡನ್ನೂ ಮಾರಿ ಹೆತ್ತವರಿಗೆ ನೆರವಾದಳು.

ಮದುವೆಯಾಗೆಂದು ಮನೆಯವರು ಒತ್ತಾಯಿಸಿದರೂ ಆಕೆ ತನ್ನನ್ನು ದೇವರಿಗೇ ಅರ್ಪಿಸಿಕೊಂಡಳು. ಹಾಗೆಂದು ಮನೆಯ ಹೊಣೆಯನ್ನು ಕೈಬಿಡಲಿಲ್ಲ. ತೋಟದ ಪುಟ್ಟ ಗುಡಿಸಲೇ ಆಕೆಯ ಪ್ರಾರ್ಥನೆಯ ಕೋಣೆ. ಬಡ ರೋಗಿಗಳಿಗೆ ಆಕೆಯೇ ದಾದಿ. 1617ರಲ್ಲಿ, 31ನೇ ವಯಸ್ಸಿನಲ್ಲಿ ಕಣ್ಮುಚ್ಚಿದ ರೋಸಮ್ಮ 1671ರಲ್ಲಿ ಅಮೆರಿಕ ಖಂಡಗಳ ಮೊದಲ ಸಂತಳೆನಿಸಿದಳು.

ನಿಮ್ಮ ಕೈಗೆ ಮೆತ್ತಿದ ಮಣ್ಣಿಗೆ ಬೇಸರಪಡಬೇಡಿ. ಮನೆಯವರಿಗಾಗಿ ಸುರಿಸಿದ ಬೆವರೂ ಪ್ರಾರ್ಥನೆಯೇ.