ಲಾರ್ಡ್ ಕೆಲ್ವಿನ್ನರ ಕಿರುಗನ್ನಡಿ

1858ನೆಯ ಇಸವಿಯ ಆಗಸ್ಟ್ 5ರಂದು ‘ಅಗಮೆಮ್ನಾನ್’ ಎಂಬ ಹಡಗು ಐರ್ಲೆಂಡಿನ ಪಶ್ಚಿಮ ತೀರದ ವೇಲೆನ್ಷಿಯಾ ದ್ವೀಪವನ್ನು ಬಂದು ಸೇರಿತು. ಸುಮಾರು 2,000 ಮೈಲಿ ಉದ್ದದ ತಂತಿಯೊಂದು ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾದು ಅಮೆರಿಕ ಖಂಡದ ಅಂಚಿನ ನ್ಯೂಫೌಂಡ್‌ಲೆಂಡನ್ನು ಮುಟ್ಟಿತ್ತು. ಬಿರುಗಾಳಿಗೆ ಸಿಕ್ಕಿ ಮುಳುಗುವುದರಲ್ಲಿದ್ದ ಆ ಹಡಗಿನಲ್ಲಿ, ಸಂಬಳವಿಲ್ಲದೆ ದುಡಿಯುತ್ತಿದ್ದ ಪ್ರಾಧ್ಯಾಪಕರೊಬ್ಬರಿದ್ದರು. ಅವರೇ ವಿಲಿಯಂ ಥಾಮ್ಸನ್. ಮುಂದೆ ಲಾರ್ಡ್ ಕೆಲ್ವಿನ್ ಎಂದು ಲೋಕಪ್ರಸಿದ್ಧರಾದವರು.

ಥಾಮ್ಸನ್ನರು 1824ರ ಜೂನ್ 26ರಂದು ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿದರು. ತಂದೆ ಗಣಿತದ ಉಪಾಧ್ಯಾಯರು. ತಾಯಿಯನ್ನು ಎಳವೆಯಲ್ಲಿಯೇ ಕಳೆದುಕೊಂಡ ಬಾಲಕನಿಗೆ ತಂದೆಯೇ ಗುರುವಾದರು. ತಂದೆಗೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಪದವಿ ದೊರೆತಾಗ ಸಂಸಾರ ಅಲ್ಲಿಗೆ ಬಂದಿತು. ವಿಲಿಯಂ ಹತ್ತನೆಯ ವಯಸ್ಸಿಗೇ ಅದೇ ವಿಶ್ವವಿದ್ಯಾಲಯವನ್ನು ಸೇರಿದನು. ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮುಗಿಸಿ, 1846ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಗ್ಲಾಸ್ಗೋವಿನಲ್ಲಿಯೇ ಭೌತವಿಜ್ಞಾನದ ಪ್ರಾಧ್ಯಾಪಕರಾದರು. ಹಳೆಯ ದ್ರಾಕ್ಷಾರಸದ ನೆಲಮಾಳಿಗೆಯೊಂದನ್ನು ಪ್ರಯೋಗಶಾಲೆಯಾಗಿ ಮಾರ್ಪಡಿಸಿ, ವಿದ್ಯಾರ್ಥಿಗಳ ಕೈಗೆ ಉಪಕರಣಗಳನ್ನು ಕೊಟ್ಟರು.

ಸಾಗರದಡಿಯ ತಂತಿಯ ಸಮಸ್ಯೆ ಅವರನ್ನು ಸೆಳೆದುದು 1854ರ ಸುಮಾರಿಗೆ. ನೆಲದ ಮೇಲೆ ಕಂಬಗಳಿಗೆ ಕಟ್ಟಿದ ತಂತಿಯಲ್ಲಿ ಸಂದೇಶ ಕ್ಷಣಾರ್ಧದಲ್ಲಿ ಓಡುತ್ತಿತ್ತು. ಆದರೆ ಸಮುದ್ರದ ತಂತಿಯ ರೀತಿಯೇ ಬೇರೆ. ಒಳಗೆ ತಾಮ್ರ, ಅದರ ಸುತ್ತ ಗಟ್ಟಾಪರ್ಚಾ ಎಂಬ ಮರದ ಅಂಟಿನ ಕವಚ, ಹೊರಗೆ ಉಪ್ಪುನೀರು. ಇದು ನೀಳವಾದ ಲೈಡನ್ ಜಾಡಿಯೇ ಸರಿ. ಒಣಗಿದ ಕಾಲುವೆಗೆ ನೀರು ಬಿಟ್ಟಾಗ ಅದು ಮೊದಲು ದಾರಿಯ ಮಣ್ಣನ್ನು ನೆನೆಸಿ, ಕೊನೆಯ ಗದ್ದೆಗೆ ತೆಳ್ಳಗೆ ಬಂದು ಮೆಲ್ಲಮೆಲ್ಲನೆ ಏರುವುದಿಲ್ಲವೆ? ಹಾಗೆಯೇ ವಿದ್ಯುತ್ತು ತಂತಿಯನ್ನೆಲ್ಲ ತುಂಬಿಕೊಂಡು ಆಚೆಯ ದಡಕ್ಕೆ ಕ್ಷೀಣವಾಗಿ, ತಡವಾಗಿ ಬರುತ್ತಿತ್ತು. ತಂತಿಯ ಉದ್ದ ಎರಡರಷ್ಟಾದರೆ ಈ ವಿಳಂಬ ನಾಲ್ಕರಷ್ಟಾಗುವುದೆಂದು ಥಾಮ್ಸನ್ನರು ಗಣಿತದಿಂದ ತೋರಿಸಿದರು. ತಂತಿಯ ಕಂಪೆನಿಯ ವಿದ್ಯುತ್ ತಜ್ಞರಾದ ವೈಟ್‌ಹೌಸ್ ಇದನ್ನು ಒಪ್ಪಲಿಲ್ಲ. ಪ್ರವಾಹವನ್ನು ಬಲವಾಗಿ ನೂಕಿದರೆ ಸಾಕೆಂಬುದು ಅವರ ಮತ.

ಥಾಮ್ಸನ್ನರು ಬೇರೆ ದಾರಿ ಹಿಡಿದರು. ಬರುವ ಪ್ರವಾಹ ಕ್ಷೀಣವಾದರೆ ಅದನ್ನು ಕಾಣುವ ಕಣ್ಣು ಸೂಕ್ಷ್ಮವಾಗಬೇಕು. ಪ್ರವಾಹ ಪೂರ್ತಿ ಏರುವವರೆಗೆ ಕಾಯದೆ, ಏರತೊಡಗಿದ ಕೂಡಲೇ ಅದನ್ನು ಹಿಡಿಯಬೇಕು. ಆಗಿನ ಉಪಕರಣಗಳ ಕಾಂತಸೂಚಿಗಳಾದರೋ ಭಾರವಾದುವು. ಅಲುಗುವುದು ನಿಧಾನ, ಅಲುಗಿದರೆ ನಿಲ್ಲುವುದೂ ನಿಧಾನ. ಕಾಂತಕ್ಕೆ ಕನ್ನಡಿಯನ್ನು ಜೋಡಿಸುವ ಉಪಾಯ ಜರ್ಮನಿಯ ಗೌಸ್ ಮತ್ತು ವೇಬರ್ ಅವರಿಗೆ ಮೊದಲೇ ತಿಳಿದಿತ್ತು. ಆದರೆ ಅವರು ಬಳಸಿದ್ದು ಭಾರಿಯ ಕಾಂತದಂಡಗಳನ್ನು. ಥಾಮ್ಸನ್ನರು ಎಲ್ಲವನ್ನೂ ಕುಗ್ಗಿಸಿದರು. ಅಂಗಿಯ ಗುಂಡಿಯಷ್ಟಗಲದ ತೆಳುಗಾಜಿಗೆ ಬೆಳ್ಳಿಯ ಲೇಪ ಕೊಟ್ಟು, ಅದರ ಬೆನ್ನಿಗೆ ಗಡಿಯಾರದ ಸ್ಪ್ರಿಂಗಿನ ಚೂರುಗಳನ್ನು ಕಾಂತವಾಗಿಸಿ ಅಂಟಿಸಿದರು. ಕನ್ನಡಿ, ಕಾಂತ ಎರಡೂ ಸೇರಿ ಒಂದು ಗುಲಗಂಜಿಯ ತೂಕವಿರಲಿಲ್ಲ. ಇದನ್ನು ರೇಷ್ಮೆಯ ಒಂದೇ ಎಳೆಯಿಂದ ತೂಗುಬಿಟ್ಟು, ಸುತ್ತಲೂ ನವಿರಾದ ತಂತಿಯ ಸಾವಿರಾರು ಸುತ್ತುಗಳ ಸುರುಳಿಯನ್ನು ಆದಷ್ಟು ಹತ್ತಿರಕ್ಕೆ ತಂದರು. ಸುರುಳಿಯಲ್ಲಿ ಪ್ರವಾಹ ಹರಿದೊಡನೆ ಅದು ವಿದ್ಯುತ್ಕಾಂತವಾಗಿ ಕನ್ನಡಿಯನ್ನು ತಿರುಗಿಸುತ್ತಿತ್ತು. ದೀಪದ ಕಿರಣವೊಂದು ಕನ್ನಡಿಗೆ ಬಡಿದು ದೂರದ ಅಳತೆಪಟ್ಟಿಯ ಮೇಲೆ ಚುಕ್ಕೆಯಾಗಿ ಬೀಳುತ್ತಿತ್ತು. ಕನ್ನಡಿ ಎಷ್ಟು ತಿರುಗಿದರೆ ಕಿರಣ ಅದರ ಎರಡರಷ್ಟು ತಿರುಗುವುದರಿಂದ, ಕಣ್ಣಿಗೆ ಕಾಣದ ಚಲನೆಯೂ ಪಟ್ಟಿಯ ಮೇಲೆ ಎದ್ದು ಕಾಣುತ್ತಿತ್ತು. ಕಿರಣವೆಂಬ ಈ ಸೂಚಿಗೆ ತೂಕವೇ ಇಲ್ಲ! ಚುಕ್ಕೆ ಎಡಕ್ಕೆ ಸರಿದರೆ ಒಂದು ಸಂಕೇತ, ಬಲಕ್ಕೆ ಸರಿದರೆ ಇನ್ನೊಂದು.

ಓಲಾಡುವ ಹಡಗಿನಲ್ಲಿ ಇಂಥ ನಾಜೂಕಿನ ಕನ್ನಡಿ ನಿಲ್ಲುವುದು ಹೇಗೆ? ಅದಕ್ಕಾಗಿ ಎಳೆಯನ್ನು ಕನ್ನಡಿಯ ಗುರುತ್ವಕೇಂದ್ರದ ಮೂಲಕ ಹಾಯಿಸಿ ಮೇಲೆ ಕೆಳಗೆ ಬಿಗಿದರು. ಹಡಗು ದಿಕ್ಕು ಬದಲಿಸಿದಾಗ ಭೂಮಿಯ ಕಾಂತತ್ವ ಕಾಡದಂತೆ ಉಪಕರಣವನ್ನು ದಪ್ಪ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟರು.

ತಂತಿ ದಡ ಸೇರಿದ ಮೇಲೆ ವೈಟ್‌ಹೌಸ್ ತಮ್ಮ ದೊಡ್ಡ ಯಂತ್ರಗಳಿಂದ ಸುಮಾರು 2,000 ವೋಲ್ಟ್ ಒತ್ತಡವನ್ನು ಅದಕ್ಕೆ ಹಾಯಿಸಿದರು. ಸಂಕೇತಗಳನ್ನು ಓದಿದ್ದು ಮಾತ್ರ ಕಿರುಗನ್ನಡಿಯೇ. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು 16 ಗಂಟೆ ಹಿಡಿಯಿತು. ಭಾರತದ 1857ರ ಬಂಡಾಯದ ಕಾರಣ ಕೆನಡಾದಿಂದ ಹೊರಡಬೇಕಾಗಿದ್ದ ಎರಡು ಸೇನಾದಳಗಳನ್ನು ತಡೆದ ಆಜ್ಞೆಯೂ ಇದೇ ತಂತಿಯಲ್ಲಿ ಹೋಯಿತು. ಆದರೆ ಮೊದಲೇ ದೋಷವಿದ್ದ ತಂತಿ ಆ ಒತ್ತಡವನ್ನು ತಾಳದೆ ಒಂದು ತಿಂಗಳೊಳಗೆ ಮೂಕವಾಯಿತು. ಜನ ಇಡೀ ಸಾಹಸವನ್ನೇ ಹಾಸ್ಯಮಾಡಿದರು.

ಥಾಮ್ಸನ್ನರು ಎದೆಗುಂದಲಿಲ್ಲ. 1865ರಲ್ಲಿ ‘ಗ್ರೇಟ್ ಈಸ್ಟರ್ನ್’ ಎಂಬ ಮಹಾನೌಕೆಯಲ್ಲಿ ಹೊರಟಾಗ ಸುಮಾರು 1,200 ಮೈಲಿ ಹಾಸಿದ ತಂತಿ ತುಂಡಾಗಿ ಕಡಲ ಪಾಲಾಯಿತು. 1866ರ ಜುಲೈ 27ರಂದು ಹೊಸ ತಂತಿ ದಡ ಮುಟ್ಟಿತು. ಹಿಂದಿನ ವರ್ಷದ ತಂತಿಯನ್ನೂ ಕಡಲ ತಳದಿಂದ ಎತ್ತಿ ಜೋಡಿಸಲಾಯಿತು. ಆಗ ಲ್ಯಾಟಿಮರ್ ಕ್ಲಾರ್ಕ್ ಎಂಬ ಎಂಜಿನಿಯರು ಎರಡು ತಂತಿಗಳನ್ನೂ ಆಚೆಯ ದಡದಲ್ಲಿ ಒಂದುಗೂಡಿಸಿ, ಹೊಲಿಗೆಯವರು ಬೆರಳಿಗೆ ಹಾಕುವ ಬೆಳ್ಳಿಯ ಅಂಗುಸ್ತಾನದಲ್ಲಿ ಒಂದಿಷ್ಟು ಆಮ್ಲ, ಸತುವಿನ ಚೂರು ಇಟ್ಟು ವಿದ್ಯುತ್ಕೋಶ ಮಾಡಿದರು. ಆ ಪ್ರವಾಹ ಸಾಗರವನ್ನು ಎರಡು ಸಲ ದಾಟಿ ಬಂದು ಕನ್ನಡಿಯನ್ನು ಅಲುಗಿಸಿತು. ಎರಡು ಸಾವಿರ ವೋಲ್ಟಿನ ವಾದಕ್ಕೆ ಇದಕ್ಕಿಂತ ಚೆಲುವಾದ ಉತ್ತರ ಬೇಕಿರಲಿಲ್ಲ. ಅದೇ ವರ್ಷ ಥಾಮ್ಸನ್ನರಿಗೆ ‘ಸರ್’ ಪದವಿ ದೊರೆಯಿತು.

ಚುಕ್ಕೆಯನ್ನು ನೋಡುತ್ತ ಕುಳಿತವರ ಕಣ್ಣು ದಣಿಯುವುದನ್ನು ಅರಿತು, 1867ರಲ್ಲಿ ಸಂಕೇತವನ್ನು ಶಾಯಿಯಿಂದ ಕಾಗದದ ಮೇಲೆ ಬರೆಯುವ ಯಂತ್ರವನ್ನು ರಚಿಸಿದರು. ಇಲ್ಲಿ ಕ್ರಮ ತಲೆಕೆಳಗು: ಭಾರವಾದ ಕಾಂತ ಸ್ಥಿರ, ಹಗುರವಾದ ಸುರುಳಿ ಚಲಿಸುವುದು. ಇಂದು ಲೇಸರ್ ಕಿರಣವನ್ನು ಅತ್ತಿತ್ತ ತಿರುಗಿಸುವ ಸಣ್ಣ ಕನ್ನಡಿಗಳಲ್ಲಿಯೂ ಈ ಎರಡು ಬಗೆಗಳಿವೆ.

ಅವರ ಎಲ್ಲ ಲೆಕ್ಕಗಳೂ ಸರಿಯಾದುವೆಂದಲ್ಲ. ಭೂಮಿಯ ವಯಸ್ಸು 2ರಿಂದ 4 ಕೋಟಿ ವರ್ಷವೆಂದು ಅವರು ಹಟಹಿಡಿದರು. ಅದು ಸುಮಾರು 454 ಕೋಟಿ ವರ್ಷವೆಂದು ಈಗ ತಿಳಿದಿದೆ.

1892ರಲ್ಲಿ ಅವರು ಲಾರ್ಡ್ ಆದಾಗ, ವಿಶ್ವವಿದ್ಯಾಲಯದ ಬಳಿ ಹರಿಯುವ ಕೆಲ್ವಿನ್ ಹೊಳೆಯ ಹೆಸರನ್ನು ತಮಗೆ ಆರಿಸಿಕೊಂಡರು. 53 ವರ್ಷ ಕಲಿಸಿ 1899ರಲ್ಲಿ ನಿವೃತ್ತರಾದೊಡನೆ, ಅದೇ ವಿಶ್ವವಿದ್ಯಾಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿ ಹೆಸರು ಬರೆಸಿದರು. 1907ರ ಡಿಸೆಂಬರ್ 17ರಂದು ಅವರು ನಿಧನರಾದಾಗ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ನರ ಸಮಾಧಿಯ ಬದಿಯಲ್ಲಿ ಅವರಿಗೆ ಸ್ಥಳ ದೊರೆಯಿತು.