ಬಾಣಂತನದ ಖರ್ಚು ಯಾರ ತಲೆ ಮೇಲೆ? 1928ರಲ್ಲೇ ಲೆಕ್ಕ ಹೇಳಿದ್ದರು ಬಾಬಾಸಾಹೇಬರು

ಪ್ರತಿ ವರ್ಷ ಏಪ್ರಿಲ್ 14 ಬಂತೆಂದರೆ ಮೊಬೈಲ್‌ಗಳಲ್ಲಿ ಒಂದು ಪೋಸ್ಟರ್ ಓಡಾಡುತ್ತದೆ. ದುಡಿಯುವ ಹೆಣ್ಣುಮಕ್ಕಳಿಗೆ ಹೆರಿಗೆ ರಜೆ ಕೊಡಿಸಿದವರು ಡಾ. ಬಿ.ಆರ್. ಅಂಬೇಡ್ಕರ್ ಅಂತ. ಅದು ಸುಳ್ಳಲ್ಲ, ಹಾಗಂತ ಪೂರ್ತಿ ಕಥೆಯೂ ಅಲ್ಲ. ಒಬ್ಬರೇ ಕುಳಿತು ಒಂದೇ ದಿನ ಬರೆದ ಕಾನೂನು ಅದಲ್ಲ. ಬಾಬಾಸಾಹೇಬರು ಅದಕ್ಕಾಗಿ ಏನು ಮಾಡಿದರು, ಎಲ್ಲಿ ಅವರ ಕೈಗೂ ಕೆಸರು ಅಂಟಿತು ಅನ್ನೋದು ಪೋಸ್ಟರ್‌ನಲ್ಲಿ ಹಿಡಿಸುವಂಥದ್ದಲ್ಲ.

ಕೆಲಸದ ಜಾಗದಲ್ಲಿ ಅವಮಾನ ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬರೋಡಾ ಸಂಸ್ಥಾನದ ಹಣದಲ್ಲೇ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಕರಾರಿನಂತೆ 1917ರಲ್ಲಿ ಬರೋಡಾಕ್ಕೆ ನೌಕರಿಗೆ ಹೋದರು. ಕಚೇರಿಯಲ್ಲಿ ಜವಾನರು ಫೈಲುಗಳನ್ನು ಕೈಗೆ ಕೊಡದೆ ದೂರದಿಂದ ಎಸೆಯುತ್ತಿದ್ದರು. ಊರಲ್ಲಿ ಬಾಡಿಗೆಗೆ ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಉಳಿದಿದ್ದಾಗ ಗುಂಪೊಂದು ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿತು. ಹೆಚ್ಚು ದಿನ ಅಲ್ಲಿ ನಿಲ್ಲಲಾಗದೆ ಮುಂಬೈಗೆ ವಾಪಸ್ ಬಂದರು. ಮರುವರ್ಷ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಅಲ್ಲೂ ಅಷ್ಟೇ, ಅಧ್ಯಾಪಕರ ನೀರಿನ ಕೊಡ ಮುಟ್ಟಿದರೆ ಕೆಲವರಿಗೆ ತಕರಾರು.

ಮುಂಬೈಯಲ್ಲಿ ಅವರ ಸಂಸಾರ ಇದ್ದದ್ದು ಪರೇಲ್‌ನ ಬಿಐಟಿ ಚಾಳಿನಲ್ಲಿ. ಸುತ್ತಲೂ ಹತ್ತಿ ಗಿರಣಿಗಳು, ನೆರೆಹೊರೆಯೆಲ್ಲ ದುಡಿಯುವ ಜನ. ಪತ್ನಿ ರಮಾಬಾಯಿ ಐದು ಮಕ್ಕಳನ್ನು ಹೆತ್ತರು. ಉಳಿದದ್ದು ಯಶವಂತ ಒಬ್ಬನೇ. ಕೊನೆಯ ಮಗ ರಾಜರತ್ನ ತೀರಿಕೊಂಡದ್ದು 1926ರಲ್ಲಿ. ಅಂಬೇಡ್ಕರರೂ ಹದಿನಾಲ್ಕನೆಯ ಮಗು. ತಾಯಿ ಭೀಮಾಬಾಯಿ ಅವರು ಚಿಕ್ಕವರಿದ್ದಾಗಲೇ ಹೋಗಿಬಿಟ್ಟಿದ್ದರು. ಈ ನೋವಿಗೂ ಮುಂದಿನ ಭಾಷಣಕ್ಕೂ ನೇರ ಗಂಟು ಹಾಕುವುದು ಬೇಡ. ಆದರೆ ಬಾಣಂತಿಯ ಕಷ್ಟ ಅವರಿಗೆ ಪುಸ್ತಕದ ವಿಷಯ ಆಗಿರಲಿಲ್ಲ ಅನ್ನೋದಂತೂ ನಿಜ.

ಆಗಿನ ಗಿರಣಿಗಳಲ್ಲಿ ಬಸುರಿ ಹೆಂಗಸು ರಜೆ ಹಾಕಿದರೆ ಕೂಲಿ ಇಲ್ಲ. ಹೆತ್ತು ವಾಪಸ್ ಬಂದಾಗ ಆ ಜಾಗದಲ್ಲಿ ಇನ್ನೊಬ್ಬಳು ನಿಂತಿರಬಹುದು. ಹಾಗಾಗಿ ನೋವು ಬರುವವರೆಗೂ ಕೆಲಸದಲ್ಲೇ ನಿಲ್ಲುವುದು, ಮೈ ಗಟ್ಟಿಯಾಗುವ ಮೊದಲೇ ಮತ್ತೆ ಓಡುವುದು. 1919ರಲ್ಲೇ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೆರಿಗೆ ರಕ್ಷಣೆಯ ಒಪ್ಪಂದ ಮಾಡಿತ್ತು. ಎನ್.ಎಂ. ಜೋಶಿ 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಇಂಥದ್ದೇ ಮಸೂದೆ ತಂದಿದ್ದರು, ಅದು ಬಿದ್ದುಹೋಯಿತು. ಆಮೇಲೆ ವಿಷಯ ಮುಂಬೈ ವಿಧಾನ ಪರಿಷತ್ತಿಗೆ ಬಂತು. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಎಲ್ಲವೂ ಆಗ ಮುಂಬೈ ಪ್ರಾಂತ್ಯದ ಭಾಗ. ಹಾಗಾಗಿ ಅದು ನಮ್ಮ ಕಡೆಯವರ ಪರಿಷತ್ತೂ ಹೌದು. 1925ರಲ್ಲಿ ನಿಪ್ಪಾಣಿಗೆ ಬಂದು ಸಮ್ಮೇಳನ ನಡೆಸಿಹೋಗಿದ್ದ ಅಂಬೇಡ್ಕರ್, 1927ರಿಂದ ಅಲ್ಲಿ ನಾಮಕರಣ ಸದಸ್ಯರಾಗಿದ್ದರು.

1928ರ ಜುಲೈ 28ರಂದು ಹೆರಿಗೆ ಭತ್ಯೆ ಮಸೂದೆ ಚರ್ಚೆಗೆ ಬಂದಾಗ ಅವರು ಎದ್ದು ನಿಂತು ಬೆಂಬಲ ಕೊಟ್ಟರು. ಮಸೂದೆ ತಂದವರು ಅವರಲ್ಲ, ಅದನ್ನು ಹೇಳಲೇಬೇಕು. ಆದರೆ ಅವತ್ತು ಅವರು ಮಂಡಿಸಿದ ವಾದ ಅರ್ಥಶಾಸ್ತ್ರ ಓದಿದವರ ವಾದ. ಹೆರಿಗೆಗೆ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶಕ್ಕೇ ಒಳ್ಳೆಯದು, ಆದ್ದರಿಂದ ಈ ಖರ್ಚಿನ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕು ಎಂದರು. ಹಾಗಂತ ಮಾಲೀಕ ಕೈ ತೊಳೆದುಕೊಳ್ಳುವಂತಿಲ್ಲ. ಕೆಲವು ಕೆಲಸಕ್ಕೆ ಗಂಡಸರ ಬದಲು ಹೆಂಗಸರನ್ನೇ ಇಟ್ಟುಕೊಳ್ಳುವುದು ಅದರಲ್ಲಿ ಅವನಿಗೆ ಹೆಚ್ಚು ಲಾಭ ಇರುವುದರಿಂದ. ಲಾಭ ತಿಂದವನು ಖರ್ಚಿನಲ್ಲೂ ಪಾಲು ಕೊಡಲಿ ಎಂಬುದು ಅವರ ಲೆಕ್ಕ. ದಯೆ ದಾಕ್ಷಿಣ್ಯದ ಮಾತೇ ಇಲ್ಲ, ನೋಡಿ.

1929ರಲ್ಲಿ ಮುಂಬೈ ಹೆರಿಗೆ ಭತ್ಯೆ ಕಾಯ್ದೆ ಬಂತು. ಭಾರತದಲ್ಲಿ ಅಂಥದ್ದು ಅದೇ ಮೊದಲು. ಆದರೆ ಹಣ ಕೊಡುವ ಹೊರೆ ಮಾಲೀಕನ ಮೇಲೆ ಬಿತ್ತೇ ಹೊರತು ಸರ್ಕಾರದ ಮೇಲಲ್ಲ. ಹೀಗಾದರೆ ಹೆಂಗಸರನ್ನು ಕೆಲಸಕ್ಕೇ ಇಟ್ಟುಕೊಳ್ಳುವುದಿಲ್ಲ ಎಂಬ ಮಾತು ಆಗಲೇ ಇತ್ತು. ಮುಂದಿನ ವರ್ಷಗಳಲ್ಲಿ ಮುಂಬೈ ಗಿರಣಿಗಳಲ್ಲಿ ಹೆಣ್ಣುಮಕ್ಕಳ ಪಾಲು ಇಳಿಯುತ್ತಲೇ ಹೋಯಿತು. ಕಾರಣ ಇದೊಂದೇ ಅಲ್ಲ ಬಿಡಿ. ಆದರೆ ಇವತ್ತಿಗೂ ಎಷ್ಟೋ ಸಂದರ್ಶನಗಳಲ್ಲಿ ಮದುವೆ ಆಯ್ತಾ, ಮಕ್ಕಳ ಪ್ಲಾನ್ ಏನು ಅಂತ ಕೇಳುವುದರ ಹಿಂದೆ ಇರುವುದೂ ಅದೇ ಲೆಕ್ಕ.

1942ರಲ್ಲಿ ಅಂಬೇಡ್ಕರ್ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು, ಅಂದರೆ ಈಗಿನ ಕಾರ್ಮಿಕ ಸಚಿವರಿದ್ದ ಹಾಗೆ. ಗಣಿ ಹೆಂಗಸರಿಗೆ ಹೆರಿಗೆಗೆ ಮುಂಚೆ ನಾಲ್ಕು ವಾರ, ಆಮೇಲೆ ನಾಲ್ಕು ವಾರ ಭತ್ಯೆ ಕೊಡುವ ಕಾಯ್ದೆ ಅಷ್ಟೊತ್ತಿಗೆ ಬಂದಿತ್ತು. ಹೆರಿಗೆಗೆ ಮುಂಚಿನ ವಾರಗಳ ಬಗ್ಗೆ ಅದರ ಮಾತಿನಲ್ಲಿ ಗೊಂದಲ ಇತ್ತು. 1943ರ ಜುಲೈನಲ್ಲಿ ಅದನ್ನು ಸರಿಪಡಿಸುವ ತಿದ್ದುಪಡಿ ಮಸೂದೆ ತಂದವರು ಇವರೇ.

ಅದೇ 1943ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಜಯಂತಿ ಭಾಷಣಗಳಲ್ಲಿ ಇದು ಬರುವುದಿಲ್ಲ. ಯುದ್ಧಕ್ಕೆ ಕಲ್ಲಿದ್ದಲು ಸಾಲದೆ ಬಂದಾಗ, ಹೆಂಗಸರು ಭೂಮಿಯೊಳಗಿನ ಗಣಿಗೆ ಇಳಿಯಬಾರದು ಎಂಬ ನಿಷೇಧವನ್ನು ಸರ್ಕಾರ ತೆಗೆದುಹಾಕಿತು. ಅಖಿಲ ಭಾರತ ಮಹಿಳಾ ಪರಿಷತ್ತು ವಿರೋಧಿಸಿತು. 1944ರ ಫೆಬ್ರವರಿಯಲ್ಲಿ ಶಾಸನಸಭೆಯಲ್ಲಿ ಇದನ್ನು ಸಮರ್ಥಿಸಿಕೊಳ್ಳುವ ಪಾಳಿ ಅಂಬೇಡ್ಕರರಿಗೇ ಬಂತು. ಇದು ತಾತ್ಕಾಲಿಕ, ಕಲ್ಲಿದ್ದಲಿನ ತುರ್ತು ಅಂಥದ್ದು ಎಂದರು. ಗಂಡಸಿಗೂ ಹೆಂಗಸಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ತತ್ವ ಇಲ್ಲೇ ಮೊದಲು ಜಾರಿಯಾಗಿದೆ ಎಂದೂ ತೋರಿಸಿದರು. ಸಮಾನ ಕೂಲಿ ದೊಡ್ಡ ಮಾತೇ. ಆದರೂ ಕತ್ತಲ ಸುರಂಗಕ್ಕೆ ಇಳಿದವಳಿಗೆ ಅದು ಪೂರ್ತಿ ಉತ್ತರ ಆಗಿರಲಾರದು. ಯುದ್ಧ ಮುಗಿದ ಮೇಲೆ, 1946ರಲ್ಲಿ ನಿಷೇಧ ಮತ್ತೆ ಜಾರಿಗೆ ಬಂತು.

ಇದೇ ಅವಧಿಯಲ್ಲಿ ಬಿ.ಪಿ. ಅಡಾರ್ಕರ್ ಕಾರ್ಮಿಕರ ಆರೋಗ್ಯ ವಿಮೆಯ ವರದಿ ಕೊಟ್ಟರು. ಮುಂದೆ 1948ರ ಇಎಸ್‌ಐ ಕಾಯ್ದೆಗೆ ಅದೇ ಬುನಾದಿ. ಹೆರಿಗೆ ಖರ್ಚು ಒಬ್ಬ ಮಾಲೀಕನ ಜೇಬಿನಿಂದಲ್ಲ, ಎಲ್ಲರೂ ಕಟ್ಟಿದ ನಿಧಿಯಿಂದ ಬರುವ ದಾರಿ ಇದರಿಂದ ತೆರೆಯಿತು. 1928ರ ಮಾತಿಗೆ ಹತ್ತಿರ ಬಂದದ್ದು ಇದೊಂದೇ. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದಾಗ 42ನೇ ವಿಧಿಯಲ್ಲಿ ಹೆರಿಗೆ ಪರಿಹಾರದ ಮಾತು ಸೇರಿತು. ಅದು ನಿರ್ದೇಶಕ ತತ್ವ, ಅದನ್ನೊಂದೇ ಹಿಡಿದು ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ.

1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ಬಾಬಾಸಾಹೇಬರು ತೀರಿಕೊಂಡರು. ದೇಶಕ್ಕೆಲ್ಲ ಅನ್ವಯಿಸುವ ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು ಐದು ವರ್ಷದ ಮೇಲೆ, 1961ರಲ್ಲಿ. ಹೆರಿಗೆ ರಜೆಯಲ್ಲಿದ್ದವಳನ್ನು ಕೆಲಸದಿಂದ ತೆಗೆಯುವುದು ಅಪರಾಧ ಅಂತ ಅದರಲ್ಲಿತ್ತು. ಆದರೂ ದೆಹಲಿ ಮಹಾನಗರ ಪಾಲಿಕೆ, ತನ್ನ ರಸ್ತೆ ಕೆಲಸದಲ್ಲಿದ್ದ ದಿನಗೂಲಿ ಹೆಂಗಸರಿಗೆ ಇದು ಸಲ್ಲುವುದಿಲ್ಲ, ಅವರು ಕಾಯಂ ನೌಕರರಲ್ಲ ಎಂದು ಸುಪ್ರೀಂ ಕೋರ್ಟ್‌ವರೆಗೂ ವಾದಿಸಿತು. 2000ದಲ್ಲಿ ಕೋರ್ಟ್ ಅದನ್ನು ತಳ್ಳಿಹಾಕಿತು. ಮಸ್ಟರ್ ರೋಲ್‌ನಲ್ಲಿ ಹೆಸರಿದ್ದ ಆ ಹೆಂಗಸರಿಗೂ ಹೆರಿಗೆ ಸೌಲಭ್ಯ ಕೊಡಬೇಕೆಂದ ತೀರ್ಪಿನಲ್ಲಿ 42ನೇ ವಿಧಿಯ ಹೆಸರಿದೆ.