ಯದುಗಿರಿಗೆ ಬಂದ ಯತಿರಾಜರು

ಮೇಲುಕೋಟೆಗೆ ಬಂದು ಕಲ್ಯಾಣಿಯಲ್ಲಿ ಕಾಲು ತೊಳೆದು ಯೋಗಾನರಸಿಂಹಸ್ವಾಮಿ ಬೆಟ್ಟ ಹತ್ತುವ ಭಕ್ತಾದಿಗಳೆಲ್ಲರೂ ಶ್ರೀ ರಾಮಾನುಜಾಚಾರ್ಯರ ಹೆಸರನ್ನು ಕೇಳಿಯೇ ಇರುತ್ತಾರೆ. ಆಚಾರ್ಯರು ಈ ಬೆಟ್ಟಕ್ಕೆ ಯಾಕೆ ಬಂದರು, ಬರುವುದಕ್ಕೆ ಮುಂಚೆ ಏನೆಲ್ಲಾ ಪಟ್ಟರು ಎಂಬುದು ಮಾತ್ರ ಬಹಳ ಜನಕ್ಕೆ ತಿಳಿದಿಲ್ಲ.

ಆಚಾರ್ಯರು ಜನಿಸಿದ್ದು ತಮಿಳುನಾಡಿನ ಶ್ರೀಪೆರುಂಬುದೂರಿನಲ್ಲಿ. ಸಂಪ್ರದಾಯದ ಲೆಕ್ಕದಂತೆ ಅದು 1017ನೇ ಇಸವಿ. ತಂದೆ ಆಸೂರಿ ಕೇಶವ ಸೋಮಯಾಜಿಗಳು, ತಾಯಿ ಕಾಂತಿಮತಿ. ವೇದಾಂತ ಕಲಿಯಲು ಕಂಚಿಯಲ್ಲಿ ಯಾದವಪ್ರಕಾಶರೆಂಬ ದೊಡ್ಡ ವಿದ್ವಾಂಸರ ಬಳಿ ಸೇರಿದರು. ಗುರು ಶಿಷ್ಯರಿಗೆ ಅಲ್ಲೇ ಭಿನ್ನಾಭಿಪ್ರಾಯ ಶುರುವಾಯಿತು. ಒಂದು ದಿನ ಶಿಷ್ಯರು ಗುರುವಿಗೆ ಎಣ್ಣೆ ತಿಕ್ಕುತ್ತಿದ್ದಾಗ ಉಪನಿಷತ್ತಿನಲ್ಲಿ ಪರಮಾತ್ಮನ ಕಣ್ಣನ್ನು ವರ್ಣಿಸುವ ಮಾತಿನ ವಿಚಾರ ಬಂತು. ಅದಕ್ಕೆ ಗುರುಗಳು ಕೋತಿಯ ಹಿಂಭಾಗದ ಕೆಂಪು ಎಂದು ಅರ್ಥ ಹೇಳಿದರು. ರಾಮಾನುಜರ ಕಣ್ಣಿಂದ ಬಿಸಿ ನೀರು ಉದುರಿ ಗುರುವಿನ ತೊಡೆಯ ಮೇಲೆ ಬಿತ್ತಂತೆ. ಸೂರ್ಯನ ಕಿರಣಕ್ಕೆ ಅರಳಿದ ತಾವರೆ ಎಂಬ ಅರ್ಥವೂ ಆ ಪದಕ್ಕೆ ಬರುತ್ತದೆಂದು ಅವರು ವಿನಯದಿಂದಲೇ ತೋರಿಸಿದರು. ಗುರುಗಳಿಗೆ ಸಹಿಸಲಾಗಲಿಲ್ಲ. ಕಾಶಿಯಾತ್ರೆಯ ನೆಪದಲ್ಲಿ ಶಿಷ್ಯನನ್ನು ದಾರಿಯಲ್ಲೇ ಮುಗಿಸುವ ಸಂಚು ನಡೆಯಿತೆಂದೂ, ತಮ್ಮನ ವರಸೆಯ ಗೋವಿಂದ ಎಚ್ಚರಿಸಿದ್ದರಿಂದ ಬದುಕಿದರೆಂದೂ ಗುರುಪರಂಪರೆಯ ಕಥೆ ಹೇಳುತ್ತದೆ. ಅದೇ ಯಾದವಪ್ರಕಾಶರು ಮುಪ್ಪಿನಲ್ಲಿ ಬಂದು ತಮ್ಮ ಶಿಷ್ಯನಿಗೇ ಶಿಷ್ಯರಾದರು ಎಂಬುದೂ ಆ ಕಥೆಯಲ್ಲೇ ಇದೆ.

ವಿಷಯ ಇಷ್ಟೆ. ಬ್ರಹ್ಮವೊಂದೇ ಸತ್ಯ, ಜ್ಞಾನದಿಂದಲೇ ಮೋಕ್ಷ ಎಂಬುದು ಶಂಕರರ ಅದ್ವೈತ ಮಾರ್ಗ. ರಾಮಾನುಜರೂ ಬ್ರಹ್ಮ ಒಂದೇ ಎಂದರು. ಆದರೆ ಜೀವರೂ ಈ ಜಗತ್ತೂ ಸುಳ್ಳಲ್ಲ, ಅವು ನಾರಾಯಣನ ಶರೀರದ ಹಾಗೆ, ಆತ ಒಳಗಿರುವ ಆತ್ಮ ಎಂದು ವಿವರಿಸಿದರು. ಇದೇ ವಿಶಿಷ್ಟಾದ್ವೈತ. ಕರ್ಮವನ್ನಾಗಲಿ ಜ್ಞಾನವನ್ನಾಗಲಿ ಅವರು ತಳ್ಳಿಹಾಕಲಿಲ್ಲ, ಎರಡೂ ಭಕ್ತಿಗೆ ಕೈಕಾಲು ಇದ್ದಂತೆ ಎಂದರು. ಅಷ್ಟೂ ಸಾಧನೆ ಮಾಡಲಾಗದವನಿಗೆ ಶರಣಾಗತಿ ಇದೆ, ಅದಕ್ಕೆ ಓದು ಬೇಕಿಲ್ಲ, ಕುಲವೂ ಬೇಕಿಲ್ಲ.

ಇದು ಬರೀ ಬಾಯಿಮಾತಾಗಿರಲಿಲ್ಲ. ಕಂಚಿಯ ವರದರಾಜಸ್ವಾಮಿಗೆ ಬೀಸಣಿಗೆ ಸೇವೆ ಮಾಡುತ್ತಿದ್ದ ಕಾಂಚೀಪೂರ್ಣರು ಬ್ರಾಹ್ಮಣರಲ್ಲ. ಅವರನ್ನು ರಾಮಾನುಜರು ಊಟಕ್ಕೆ ಕರೆದರು. ಆಚಾರ್ಯರು ಹೊರಗೆ ಹೋಗಿದ್ದಾಗ ಬಂದು ಉಂಡು ಹೋದ ಅವರ ಎಲೆಯನ್ನು ಮನೆಯಾಕೆ ದೂರ ಎಸೆದು ನೆಲ ತೊಳೆದುಬಿಟ್ಟರು. ಇಂಥದ್ದು ಮತ್ತೆ ಮತ್ತೆ ಆಗಿ ಕೊನೆಗೆ ಆಚಾರ್ಯರು ಸಂಸಾರ ಬಿಟ್ಟು ಸನ್ಯಾಸಿಯಾದರು. ಹೆಂಡತಿಯದೇ ತಪ್ಪೆಂದು ಹೇಳಿಬಿಡುವುದು ಸುಲಭ. ಆ ಕಾಲದ ಮಡಿ ಹಾಗಿತ್ತು, ಆಕೆ ಕಲಿತದ್ದನ್ನು ಆಕೆ ಮಾಡಿದರು.

ಮುಂದೆ ತಿರುಕ್ಕೋಟ್ಟಿಯೂರಿನ ಗೋಷ್ಠೀಪೂರ್ಣರಿಂದ ಮಂತ್ರಾರ್ಥ ಪಡೆಯಲು ಶ್ರೀರಂಗದಿಂದ ಹದಿನೆಂಟು ಸಲ ಅಲೆದರು. ಕೊನೆಗೆ ಸಿಕ್ಕ ರಹಸ್ಯವನ್ನು ಮಾರನೇ ದಿನವೇ ಜನರನ್ನೆಲ್ಲಾ ಸೇರಿಸಿ ದೇವಾಲಯದ ಮೇಲೆ ನಿಂತು ಸಾರಿಬಿಟ್ಟರು. ಗುರುವಿನ ಆಜ್ಞೆ ಮೀರಿದರೆ ನರಕವೆಂದು ಗೊತ್ತಿದ್ದೂ, ಇಷ್ಟು ಜನ ಉಳಿಯುವುದಾದರೆ ತಾನೊಬ್ಬ ಹೋದರೆ ಹೋಗಲಿ ಎಂಬುದು ಅವರ ಲೆಕ್ಕ. ಕೋಪದಿಂದ ಬಂದ ಗೋಷ್ಠೀಪೂರ್ಣರು ಇದನ್ನು ಕೇಳಿ ಅಪ್ಪಿಕೊಂಡರು.

ಬ್ರಹ್ಮಸೂತ್ರಗಳಿಗೆ ಶ್ರೀಭಾಷ್ಯ ಬರೆಯುವಾಗ ಜೊತೆಗಿದ್ದು ಬರೆದುಕೊಂಡವರು ಶಿಷ್ಯ ಕೂರೇಶರು. ಆ ಕಾಲದಲ್ಲಿ ಚೋಳ ರಾಜನೊಬ್ಬ ಶಿವನೇ ಪರದೈವವೆಂದು ಒಪ್ಪಿ ಸಹಿ ಹಾಕಬೇಕೆಂದು ಆಚಾರ್ಯರಿಗೆ ಕರೆ ಕಳುಹಿಸಿದನಂತೆ. ಕೂರೇಶರು ಗುರುವಿನ ಕಾವಿ ಉಟ್ಟು ತಾವೇ ರಾಮಾನುಜರೆಂದು ಹೋದರು, ಜೊತೆಗೆ ವಯಸ್ಸಾದ ಮಹಾಪೂರ್ಣರು. ಇಬ್ಬರೂ ಕಣ್ಣು ಕಳೆದುಕೊಂಡರು. ಮಹಾಪೂರ್ಣರು ದಾರಿಯಲ್ಲೇ ಪ್ರಾಣ ಬಿಟ್ಟರು. ಆಚಾರ್ಯರು ಬಿಳಿ ಬಟ್ಟೆ ಉಟ್ಟು ಕಾಡುದಾರಿ ಹಿಡಿದು ಕನ್ನಡನಾಡಿಗೆ ಬಂದರು. ಒಂದು ಮಾರ್ಗದವರು ಇನ್ನೊಂದು ಮಾರ್ಗದವರನ್ನು ಹೀಗೂ ನಡೆಸಿಕೊಂಡದ್ದುಂಟು.

ಹೊಯ್ಸಳ ನಾಡಿನ ಗಾಳಿಯೇ ಬೇರೆ ಇತ್ತು. ಸಾಲಿಗ್ರಾಮದಲ್ಲಿ ನೆಲೆಸಿ ಆಮೇಲೆ ತೊಂಡನೂರಿಗೆ ಬಂದರು. ಬಿಟ್ಟಿದೇವರಾಯ ಅವರ ಪ್ರಭಾವದಿಂದ ವಿಷ್ಣುವರ್ಧನನಾದನೆಂದು ಪ್ರತೀತಿ. ಬೇಲೂರಿನ ಚೆನ್ನಕೇಶವನನ್ನು 1117ರಲ್ಲಿ ಪ್ರತಿಷ್ಠೆ ಮಾಡಿಸಿದವನು ಅವನೇ. ಆದರೆ ರಾಣಿ ಶಾಂತಲೆ ಜೈನಳಾಗಿಯೇ ಉಳಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಒಂದೇ ಅರಮನೆಯಲ್ಲಿ ಎರಡೂ ನಡೆಯಿತು!

ಯದುಗಿರಿಯಲ್ಲಿ ಹುತ್ತದೊಳಗಿದ್ದ ತಿರುನಾರಾಯಣನನ್ನು ಹುಡುಕಿ ತೆಗೆಸಿ ಪೂಜೆ ನಡೆಸಿದ್ದು ಆಚಾರ್ಯರು. ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ದಿಲ್ಲಿ ಬಾದಶಾಹನ ಅರಮನೆಯಿಂದ ತಂದರೆಂದೂ, ಅದನ್ನು ಬಿಟ್ಟಿರಲಾರದೆ ಬಾದಶಾಹನ ಮಗಳು ಹಿಂದೆಯೇ ಬಂದಳೆಂದೂ ಸ್ಥಳಪುರಾಣ. ಆಗಿನ್ನೂ ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಇರಲಿಲ್ಲವೆನ್ನುವುದು ಇತಿಹಾಸದ ಮಾತು. ಆದರೂ ಬೀಬಿ ನಾಚ್ಚಿಯಾರ್ ಎಂದು ಸ್ವಾಮಿಯ ಪಾದದಲ್ಲೇ ಆಕೆಗೆ ಸ್ಥಾನವಿದೆ. ದಾರಿಯಲ್ಲಿ ಮೂರ್ತಿಯನ್ನು ಕಾಪಾಡಿದ ಹೊಲೆಮಾದಿಗ ಜನರನ್ನು ತಿರುಕುಲದವರೆಂದು ಕರೆದು ವರ್ಷಕ್ಕೆ ಮೂರು ದಿನ ದೇವಾಲಯ ಪ್ರವೇಶ ಕೊಡಿಸಿದರು. ಮೂರೇ ದಿನ ತಾನೇ ಎಂದು ಈಗ ಅನ್ನಿಸಬಹುದು, ಅನ್ನಿಸಬೇಕಾದದ್ದೇ. ಒಂದು ದಿನವೂ ಇಲ್ಲದ ಕಾಲ ಅದು.

ಹನ್ನೆರಡು ವರ್ಷ ಇಲ್ಲಿದ್ದು ಆಚಾರ್ಯರು ಶ್ರೀರಂಗಕ್ಕೆ ಹೊರಟು ನಿಂತಾಗ ಊರಿನವರು ಅತ್ತು ಅಡ್ಡ ನಿಂತರು. ಆಗ ತಮ್ಮದೇ ವಿಗ್ರಹ ಮಾಡಿಸಿ, ಅದನ್ನು ಬಿಗಿಯಾಗಿ ಅಪ್ಪಿ ಕೊಟ್ಟು ಹೋದರಂತೆ. ಶ್ರೀರಂಗದಲ್ಲಿ ಕಣ್ಣಿಲ್ಲದ ಕೂರೇಶರು ಅವರಿಗಾಗಿ ಕಾಯುತ್ತಿದ್ದರು. 1137ರಲ್ಲಿ ಆಚಾರ್ಯರು ಅಲ್ಲಿಯೇ ಪರಮಪದ ಸೇರಿದರು. ಅಪ್ಪಿಕೊಟ್ಟ ವಿಗ್ರಹ ಕೆಳಗೆ ಚೆಲುವನಾರಾಯಣಸ್ವಾಮಿ ದೇವಾಲಯದಲ್ಲಿದೆ. ಬೆಟ್ಟ ಇಳಿದವರು ಆ ಸನ್ನಿಧಿಗೂ ಹೋಗಿ ಬರುವುದು.